ಮಗಳನ್ನು ಹಳ್ಳಿ ಸುತ್ತಿಸುವ ಬದಲು ಒಂದು ಶಿಬಿರ ಸಾಲದೆ?

ಪ್ರಶ್ನೆ: ಮಗಳು ಬೆಂಗಳೂರಿನಲ್ಲಿ ಮೊದಲ ವರ್ಷದ ಎಂಬಿಬಿಎಸ್. ಅನಾಟಮಿ ಓದೋ ಹೊತ್ತಲ್ಲಿ ಬಸ್ಸು ಹತ್ತಿಸಿ ಹಳ್ಳಿಗೆ ಕರ್ಕೊಂಡು ಹೋಗಿ ಮನೆ ಮನೆ ಸುತ್ತಿಸ್ತಾರೆ. ಸಮಾಜಸೇವೆಯೇ ಬೇಕಿದ್ದರೆ ವರ್ಷಕ್ಕೆರಡು ಉಚಿತ ಶಿಬಿರ ಸಾಲದೆ?

ಪ್ರತಿ ವರ್ಷ ಅಡ್ಮಿಷನ್ ಮುಗಿದ ಕೂಡಲೇ ಈ ಪ್ರಶ್ನೆ ಬರುತ್ತದೆ. ಅದು ಸೇವೆಯಲ್ಲ ಸ್ವಾಮಿ, ಪಾಠ. ಇದರ ಹೆಸರು ಕುಟುಂಬ ದತ್ತು ಕಾರ್ಯಕ್ರಮ, ಅಂದರೆ ವಿದ್ಯಾರ್ಥಿಗೆ ಹಳ್ಳಿಯ ಕೆಲವು ಮನೆಗಳನ್ನು ವಹಿಸುವುದು. ರಾಷ್ಟ್ರೀಯ ವೈದ್ಯಕೀಯ ಆಯೋಗ ಇದನ್ನು 2022ರಲ್ಲಿ ತಂದಿತು. ವಹಿಸಿಕೊಂಡ ಮನೆಗಳಿಗೇ ವಿದ್ಯಾರ್ಥಿ ಮತ್ತೆ ಮತ್ತೆ ಹೋಗಬೇಕು. ಡಾಕ್ಟರು ಸಮಾಜವನ್ನೂ ಓದಿರಬೇಕೆಂದು, ದೇಶದ ಆರೋಗ್ಯ ವ್ಯವಸ್ಥೆ ಹೇಗಿರಬೇಕೆಂದು ವರದಿ ಕೊಟ್ಟ ಭೋರ್ ಸಮಿತಿ 1946ರಲ್ಲೇ ಹೇಳಿತ್ತು.

ಇನ್ನು ಶಿಬಿರ. ಶಾಮಿಯಾನ, ಬ್ಯಾನರ್, ಬಿಪಿ, ಶುಗರ್, ಕವರಿನಲ್ಲಿ ವಾರದ ಮಾತ್ರೆ, ಗ್ರೂಪ್ ಫೋಟೊ. ಎಂಟನೇ ದಿನ? ಬಿಪಿ ಮಾತ್ರೆ ಒಂದು ವಾರಕ್ಕೆ ಮುಗಿಯುವಂಥದ್ದಲ್ಲ. ಹಾಸಿಗೆ ಹಿಡಿದ ಅಜ್ಜಿ ಶಾಮಿಯಾನದವರೆಗೆ ಬರಲಾರಳು, ಕೂಲಿ ಬಿಟ್ಟರೆ ಒಲೆ ಹೊತ್ತದವರೂ ಬರುವುದಿಲ್ಲ. ಬಂದವರನ್ನು ಎಣಿಸಿ ‘ಐನೂರು ಜನರಿಗೆ ಪ್ರಯೋಜನ’ ಎಂದು ಬರೆದುಕೊಳ್ಳುತ್ತೇವೆ. ನಾನೂ ಬರೆದಿದ್ದೇನೆ. (ಕಣ್ಣಿನ ಪೊರೆಯ ಶಿಬಿರ ಬೇರೆ, ಅಲ್ಲಿ ಆಪರೇಷನ್ನೇ ಆಗುತ್ತದೆ.)

ನನ್ನ ವಿದ್ಯಾರ್ಥಿನಿಯೊಬ್ಬಳು ದತ್ತು ಪಡೆದ ಮನೆಯಲ್ಲಿ ಬಸುರಿಯೊಬ್ಬಳಿದ್ದಳು. ಶಿಬಿರದಲ್ಲಿ ಕೇಳಿದಾಗ ‘ಕಬ್ಬಿಣದ ಮಾತ್ರೆ ತಗೋತಿದೀನಿ’ ಅಂದಿದ್ದಳು. ಮನೆಗೆ ಮೂರನೇ ಸಲ ಹೋದಾಗ ಹುಡುಗಿಗೆ ನೀರು ಕೊಡಲು ಎದ್ದವಳು ಗೂಡಿನಿಂದ ಲೋಟ ತೆಗೆದಳು. ಅದರ ಹಿಂದೆ ಮಾತ್ರೆಯ ಪಟ್ಟಿಗಳು, ಒಂದೂ ಒಡೆದಿಲ್ಲ. ‘ಮಲ ಕಪ್ಪಗಾಗುತ್ತೆ, ಮಗೂನೂ ಕಪ್ಪಾಗುತ್ತೆ ಅಂತ ಅತ್ತೆ ಅಂದ್ರು.’ ಮಲ ಕಪ್ಪಾಗುವುದು ನಿಜ, ಮಗು ಕಪ್ಪಾಗುವುದಿಲ್ಲ. ಅದನ್ನು ಅತ್ತೆಯನ್ನು ಕೂರಿಸಿಕೊಂಡು ಹೇಳಬೇಕು, ಊಟದ ಹಿಂದೆಯೇ ಟೀ ಕುಡಿದರೆ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ ಅನ್ನುವುದನ್ನೂ. ಯಾವ ಶಾಮಿಯಾನಕ್ಕೆ ಅತ್ತೆ ಬರುತ್ತಾರೆ?

ಕಾಲೇಜೊಂದು ಊರಿಗೆ ಅಂಟಿಕೊಳ್ಳುವುದೆಂದರೆ ಶಿಡ್ಲಘಟ್ಟದ ಮಳ್ಳೂರು. 1973ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಅಲ್ಲಿನ ಹಾಲಿನ ಸಹಕಾರ ಸಂಘದ ಜೊತೆ ಸೇರಿ ಆರೋಗ್ಯ ಕೇಂದ್ರ ಕಟ್ಟಿತು. ಖರ್ಚಿಗೆ ಹಾಲಿನ ದುಡ್ಡು.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ: ಮಗಳಿಗೆ ಅಲ್ಲಿನ ಮಾತು ಅರ್ಥವಾಗುತ್ತದೆಯೇ? ಮನೆಯ ಕನ್ನಡ ಬಂದರೆ ಸಾಲದು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ತೆಲುಗು ಬೆರೆತಿದೆ, ತೆಲುಗಿನಲ್ಲಿ ಆಯಾಸವೆಂದರೆ ಏದುಸಿರು. ಅಜ್ಜ ‘ಆಯಾಸ’ ಅಂದರೆ ಬೆಂಗಳೂರಿನ ಹುಡುಗರು ‘ಸುಸ್ತು’ ಎಂದು ಬರೆದು ವಿಟಮಿನ್ ಮಾತ್ರೆ ಕೊಡಿಸುತ್ತಾರೆ. ಎಷ್ಟು ಮೆಟ್ಟಿಲು ಹತ್ತಿದರೆ ಆಯಾಸ, ಮಲಗಿದಾಗ ಉಸಿರು ಕಟ್ಟದಿರಲು ರಾತ್ರಿ ಎಷ್ಟು ದಿಂಬು ಬೇಕು ಎಂದು ಕೇಳಿದ್ದರೆ ಹೃದಯದ ಕಾಯಿಲೆಯ ಮಾತು ಹೊರಬರುತ್ತಿತ್ತು.