ಹಳೆಯ ಅರ್ಥಧಾರಿಗಳು ಕೂಟ ಬಿಡುವುದು ಯಾಕೆ?

ಕಾಸರಗೋಡಿನ ಕುಂಬಳೆಯಿಂದ ಬದಿಯಡ್ಕ, ಪೆರ್ಲ, ಮುಳ್ಳೇರಿಯದವರೆಗೆ ಹವ್ಯಾಸಿ ಯಕ್ಷಗಾನ ಸಂಘ ಇಲ್ಲದ ಊರು ಕಡಿಮೆ. ಮೇ ಕೊನೆಗೆ ಬರುವ ಪತ್ತನಾಜೆಯ ದಿನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ನಿಲ್ಲಿಸಿದ ಮೇಲೆ ಮಳೆಗಾಲವಿಡೀ ತಾಳಮದ್ದಲೆಯದ್ದೇ ಕಾಲ. ದೇವಸ್ಥಾನದ ಜಗಲಿಯಲ್ಲೋ, ಶಾಲೆಯ ಹಾಲಿನಲ್ಲೋ, ಯಾರದಾದರೂ ಮನೆಯ ಚಾವಡಿಯಲ್ಲೋ ಕೂಟ ನಡೆಯುತ್ತದೆ. ವೇಷವಿಲ್ಲ, ಕುಣಿತವಿಲ್ಲ. ಹಾಡುಗಾರರಾದ ಭಾಗವತರು ಪ್ರಸಂಗದ ಪದ, ಅಂದರೆ ಹಾಡು ಹೇಳುತ್ತಾರೆ, ಎದುರುಬದುರು ಕೂತ ಅರ್ಥಧಾರಿಗಳು ಆ ಪದ ಹಿಡಿದು ಅಲ್ಲೇ ಮಾತು ಕಟ್ಟುತ್ತಾರೆ.

ಈ ಸಂಘಗಳಿಗೆ ಹೊಸಬರ ಬರ ಬಂದಿಲ್ಲ. ಕಾಣದಾಗುತ್ತಿರುವವರು ಇಪ್ಪತ್ತು ಮೂವತ್ತು ವರ್ಷ ಅರ್ಥ ಹೇಳಿ ಪಳಗಿದವರು. ಅವರು ಜಗಳ ಮಾಡಿ ಹೋಗುವುದಿಲ್ಲ, ರಾಜೀನಾಮೆ ಕೊಡುವುದಿಲ್ಲ. ಮೊದಲು ಒಂದು ವಾರ ತಪ್ಪುತ್ತದೆ, ಆಮೇಲೆ ತಿಂಗಳಿಗೊಮ್ಮೆ ಮುಖ ಕಾಣುತ್ತದೆ, ಕೊನೆಗೆ ವಾರ್ಷಿಕೋತ್ಸವದ ದಿನ ಮಾತ್ರ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತು ಹೋಗುತ್ತಾರೆ. ಕಾರಣ ಕೇಳಿದರೆ ಸಂಘದವರು ಹೇಳುವುದು ಸುಲಭದ ಮಾತು: ವಯಸ್ಸಾಯಿತು, ಮೊಣಕಾಲು ನೋವು, ರಾತ್ರಿ ಗಾಡಿ ಬಿಡಲು ಕಷ್ಟ, ಮಕ್ಕಳು ಬೆಂಗಳೂರಿನಲ್ಲಿ.

ಇದನ್ನು ಪೂರ್ತಿ ನಂಬಲು ನನಗೆ ಆಗುವುದಿಲ್ಲ. ಇದೇ ಹಿರಿಯರು ಮೂವತ್ತು ನಲವತ್ತು ಕಿಲೋಮೀಟರ್ ದೂರದ ಕೂಟಕ್ಕೆ ಜೀಪು ಹಿಡಿದು ಹೋಗುವುದನ್ನು ಕಂಡಿದ್ದೇನೆ. "ಮಾಷ್ಟ್ರೇ, ಆದಿತ್ಯವಾರ ಕೂಟ ಉಂಟು, ಬರಬೇಕು" ಎಂದು ಫೋನ್ ಮಾಡಿದರೆ ಆ ಕಡೆಯಿಂದ ಬರುವ ಮೊದಲ ಮಾತು ಗಾಡಿಯದ್ದಲ್ಲ, ಸಂಭಾವನೆಯದ್ದಲ್ಲ. "ಪ್ರಸಂಗ ಯಾವುದು? ಎದುರು ಯಾರು?" ಎರಡನೆಯ ಪ್ರಶ್ನೆಗೆ ಸಿಗುವ ಉತ್ತರದ ಮೇಲೆ ಮೊಣಕಾಲು ನೋವು ಹೆಚ್ಚೂ ಆಗುತ್ತದೆ, ಕಡಿಮೆಯೂ ಆಗುತ್ತದೆ. ಹಳಬರು ದೂರವಾಗುವ ಕಥೆಯನ್ನು ಈ ಪ್ರಶ್ನೆಯಿಂದಲೇ ಹಿಡಿಯಬೇಕು.

ಕೂಟ ಮೊದಲು ಹೇಗಿತ್ತು ಎನ್ನುವುದು ಗೊತ್ತಿದ್ದರೆ ಕೆಟ್ಟದ್ದು ಎಲ್ಲಿ ಎನ್ನುವುದು ತಿಳಿಯುತ್ತದೆ. ಇದು ಪಾರ್ತಿಸುಬ್ಬನ ಸೀಮೆ. ಕುಂಬಳೆಯ ಈ ಕವಿಯ ರಾಮಾಯಣದ ಪದಗಳು ಇಂದಿಗೂ ಇಲ್ಲಿನ ಭಾಗವತರ ಬಾಯಲ್ಲಿವೆ. ಆ ಪದಗಳಿಗೆ ಅರ್ಥ ಹೇಳುವ ಚಟ ಊರಿನ ಯಜಮಾನಿಕೆಯ ಗುತ್ತಿನ ಮನೆ, ಬ್ರಾಹ್ಮಣರ ಮನೆ, ದೇವಸ್ಥಾನಗಳ ಜಗಲಿಗಳಲ್ಲಿ ಬೆಳೆಯಿತು. ಇಪ್ಪತ್ತನೆಯ ಶತಮಾನದಲ್ಲಿ ಅದನ್ನು ಹೆಗಲ ಮೇಲೆ ಹೊತ್ತವರು ಹೆಚ್ಚಾಗಿ ಕನ್ನಡ ಶಾಲೆಯ ಮಾಷ್ಟ್ರುಗಳು. ದೇಲಂಪಾಡಿಯ ಬನಾರಿಯಲ್ಲಿ ಕೀರಿಕ್ಕಾಡು ಮಾಸ್ತರ್ ವಿಷ್ಣು ಭಟ್ಟರು ಸಂಘ ಕಟ್ಟಿ, ಹಳ್ಳಿಯ ಹುಡುಗರನ್ನು ಅರ್ಥಧಾರಿಗಳನ್ನಾಗಿ ಮಾಡಿದ್ದು ಇದರ ದೊಡ್ಡ ಉದಾಹರಣೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಗಡಿ ವಿವಾದ ನೋಡಲು ನೇಮಿಸಿದ ಮಹಾಜನ ಆಯೋಗದ 1967ರ ವರದಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಬರಬೇಕೆಂದಿತು, ಆದದ್ದೇನೂ ಇಲ್ಲ. ಕಚೇರಿಯ ಭಾಷೆ ಬದಲಾದ ಊರಿನಲ್ಲಿ ಮೂರು ತಾಸು ತುಂಬು ಕನ್ನಡ ಮಾತಾಡಲು ಉಳಿದ ಜಾಗಗಳಲ್ಲಿ ಕೂಟವೂ ಒಂದಾಯಿತು. ಮನೆಯಲ್ಲಿ ತುಳು, ಹವ್ಯಕ, ಕರಾಡ ಮರಾಠಿ, ಕೊಂಕಣಿ, ಮಲಯಾಳ ಆಡುವವರೆಲ್ಲ ಚಾಪೆಯ ಮೇಲೆ ಕೂತರೆ ಒಂದೇ ಕನ್ನಡ.

ಆ ವಾರದ ಕೂಟಗಳಲ್ಲಿ ಪ್ರೇಕ್ಷಕರೆಂಬವರು ಹೆಚ್ಚುಕಡಿಮೆ ಇರಲಿಲ್ಲ. ಕೂತವರಲ್ಲಿ ಅರ್ಧ ಜನ ಅರ್ಥಧಾರಿಗಳು, ಉಳಿದರ್ಧ ಮುಂದೆ ಅರ್ಥ ಹೇಳಬೇಕಾದವರು. ಹೊಸ ಹುಡುಗ ಒಂದೆರಡು ವರ್ಷ ಸುಮ್ಮನೆ ಕೇಳುತ್ತಿದ್ದ. ಆಮೇಲೆ ದೂತನ ಪಾತ್ರ, ನಂತರ ಸುಗ್ರೀವನೋ ತಾರೆಯೋ. ವರ್ಷಕ್ಕೆ ಹೊಸಬರು ಒಬ್ಬರೋ ಇಬ್ಬರೋ. ಅಷ್ಟು ಜನರನ್ನು ತಿದ್ದಲು ಹಿರಿಯರಿಗೆ ಬಿಡುವೂ ಇತ್ತು, ಮನಸ್ಸೂ ಇತ್ತು.

ಹಿರಿಯರಿಗೆ ಅಲ್ಲಿ ಸಿಗುತ್ತಿದ್ದದ್ದು ಏನು? ವಾಲಿಯ ಸಂದರ್ಭ ತೆಗೆದುಕೊಳ್ಳಿ. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ? ವಾಲ್ಮೀಕಿ ರಾಮಾಯಣದಲ್ಲೇ ರಾಮ ಕೊಡುವ ಸಮಾಧಾನಗಳಲ್ಲಿ ಎರಡು ಮುಖ್ಯ. ತಮ್ಮನ ಹೆಂಡತಿಯನ್ನು ಇಟ್ಟುಕೊಂಡೆ, ಭರತನ ಆಳ್ವಿಕೆಯ ಭೂಮಿಯಲ್ಲಿ ಅದು ದಂಡನಾರ್ಹ ಎನ್ನುವುದು ಒಂದು. ನೀನು ಕೋತಿ, ಬೇಟೆಗಾರ ಮೃಗವನ್ನು ಮರೆಯಿಂದ ಹೊಡೆದರೆ ದೋಷವಿಲ್ಲ ಎನ್ನುವುದು ಇನ್ನೊಂದು. ಪಳಗಿದ ವಾಲಿ ಇಲ್ಲಿಗೇ ಕಾದಿರುತ್ತಾನೆ. "ನಾನು ಮೃಗವಾದರೆ ನನಗೆ ನಿಮ್ಮ ಧರ್ಮಶಾಸ್ತ್ರ ಯಾಕೆ? ಅಣ್ಣ, ತಮ್ಮ, ಹೆಂಡತಿ ಎಂಬ ವಿಚಾರಣೆ ಯಾಕೆ? ಧರ್ಮಕ್ಕೆ ಒಳಪಟ್ಟವನು ಎಂದಾದರೆ ಬೇಟೆಯ ಬಾಣ ಯಾಕೆ? ಎರಡರಲ್ಲಿ ಒಂದು ಹೇಳು." ಈಗ ರಾಮನ ಅರ್ಥಧಾರಿ ಒಂದನ್ನು ಆರಿಸಿಕೊಳ್ಳಲೇಬೇಕು, ಆರಿಸಿದ್ದನ್ನು ಉಳಿಸಿಕೊಳ್ಳಬೇಕು, ಪದದ ಚೌಕಟ್ಟು ಮೀರಬಾರದು, ರಾಮನ ಗಾಂಭೀರ್ಯ ಕೆಡಬಾರದು. ಒಳ್ಳೆಯ ರಾಮ ಹೊಸ ದಾರಿ ತೆರೆಯುತ್ತಾನೆ, ವಾಲಿ ಅದನ್ನು ಮುಚ್ಚಲು ನೋಡುತ್ತಾನೆ. ಇಬ್ಬರಿಗೂ ಮುಂದಿನ ಮಾತು ಗೊತ್ತಿರುವುದಿಲ್ಲ. ಮೂವತ್ತು ವರ್ಷ ವಾಲಿ ಹೇಳಿದವನೂ ಆ ರಾತ್ರಿ ಹೊಸದೊಂದು ಕಲಿತು ಮನೆಗೆ ಹೋಗುತ್ತಾನೆ.

ಹಳಬರನ್ನು ಹಿಡಿದಿಟ್ಟದ್ದು ಇದೇ. ಕಲಿಸುವ ಸಂತೋಷಕ್ಕಾಗಿ ಮಾತ್ರ ಯಾರೂ ಮೂವತ್ತು ವರ್ಷ ವಾರವಾರ ಬರುವುದಿಲ್ಲ. ತನಗೂ ಅಲ್ಲಿ ಏನೋ ಸಿಗುತ್ತದೆ ಎಂದು ಬರುತ್ತಾರೆ. ಅದು ಸಿಗುವುದು ನಿಂತ ದಿನ ಕಾಲು ತಾನಾಗಿ ಹಿಂದೆಗೆಯುತ್ತದೆ.

ಅದು ನಿಂತದ್ದು ಒಂದೇ ದಿನದಲ್ಲಲ್ಲ. 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿ ಪದ್ಧತಿ ರದ್ದಾಯಿತು. ಗೇಣಿದಾರರಿಗೆ ಅದು ನ್ಯಾಯ, ಆ ಮನೆಗಳ ಮಕ್ಕಳು ಚಾಪೆಯ ಮೇಲೆ ಬಂದು ಕೂರಲು ಅದೇ ದಾರಿ ಮಾಡಿತು, ಇದನ್ನು ಹೇಳದೆ ಮುಂದೆ ಹೋಗಬಾರದು. ಆದರೆ ರಾತ್ರಿಯಿಡೀ ಕೂಟ ಇಟ್ಟು ಬಂದವರಿಗೆಲ್ಲ ಊಟ ಹಾಕುವ ಶಕ್ತಿ ಅನೇಕ ಮನೆಗಳಿಗೆ ಉಳಿಯಲಿಲ್ಲ. ಇದೇ ಭೂಸುಧಾರಣೆಯ ವಿರುದ್ಧ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿ ಸುಪ್ರೀಂ ಕೋರ್ಟಿಗೆ ಹೋದದ್ದು, 1973ರ ಏಪ್ರಿಲ್ 24ರಂದು 13 ನ್ಯಾಯಮೂರ್ತಿಗಳ ಪೀಠ ಸಂವಿಧಾನದ ಮೂಲ ರಚನೆಯನ್ನು ಸಂಸತ್ತು ಬದಲಿಸುವಂತಿಲ್ಲ ಎಂಬ ತೀರ್ಪು ಕೊಟ್ಟದ್ದು ದೇಶಕ್ಕೆಲ್ಲ ಗೊತ್ತು. ಆ ಸ್ವಾಮೀಜಿ ಸ್ವತಃ ಭಾಗವತಿಕೆ ಮಾಡುತ್ತಿದ್ದರು, 2020ರಲ್ಲಿ ಅವರು ತೀರಿಹೋಗುವವರೆಗೂ ಎಡನೀರು ಯಕ್ಷಗಾನಕ್ಕೆ ದೊಡ್ಡ ಆಸರೆಯಾಗಿತ್ತು ಎನ್ನುವುದು ನಮ್ಮ ಕಡೆಯವರಿಗೆ ಅದಕ್ಕಿಂತ ಹೆಚ್ಚು ಗೊತ್ತು. ಅಂಥ ಆಸರೆ ಎಲ್ಲ ಊರಿಗೂ ಇರಲಿಲ್ಲ. ಮನೆ ಬಿಟ್ಟ ಕೂಟ ಸಾರ್ವಜನಿಕ ಸಭಾಂಗಣಕ್ಕೆ ಬಂತು. ಸಭಾಂಗಣಕ್ಕೆ ಬಾಡಿಗೆ, ಮೈಕ್ ಸೆಟ್ಟಿಗೆ ದುಡ್ಡು, ದುಡ್ಡಿಗೆ ರಶೀದಿ ಪುಸ್ತಕ, ಅದನ್ನು ಹಿಡಿದು ಮನೆಮನೆ ತಿರುಗಲು ಸಮಿತಿ.

ಜನ ದುಡ್ಡು ಕೊಟ್ಟ ಮೇಲೆ ಒಳ್ಳೆಯದನ್ನೇ ಕೇಳುತ್ತಾರೆ. ಅದೇ ಹೊತ್ತಿಗೆ ತಾಳಮದ್ದಲೆಗೆ ದೊಡ್ಡ ಹೆಸರುಗಳು ಬಂದಿದ್ದವು. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006), ಪೆರ್ಲ ಕೃಷ್ಣ ಭಟ್ಟರು, ಕುಂಬಳೆ ಸುಂದರ ರಾವ್ (1934–2022) ಇದೇ ಮಣ್ಣಿನವರು. ಮಲ್ಪೆಯ ಸಾಮಗರು, ಸುಳ್ಯ ಕಡೆಯ ದೇರಾಜೆ ಸೀತಾರಾಮಯ್ಯನವರು ಬಂದರೆ ಸಭೆ ತುಂಬುತ್ತಿತ್ತು. ಶೇಣಿಯವರ ಎದುರು ಸಾಮಗರು ಕೂತ ಕೂಟಗಳ ಬಗ್ಗೆ ಈಗಲೂ ನಮ್ಮ ಚಹಾ ಅಂಗಡಿಗಳಲ್ಲಿ ಮಾತಾಗುತ್ತದೆ. 1976ರಲ್ಲಿ ಮಂಗಳೂರು ಆಕಾಶವಾಣಿ ಶುರುವಾಯಿತು, ಹಿಂದೆಯೇ ಕ್ಯಾಸೆಟ್ ಬಂತು. ಅವರ ಮಾತು ಅಡುಗೆಮನೆಯವರೆಗೆ ತಲುಪಿತು. ತಾಳಮದ್ದಲೆ ಇಷ್ಟು ಎತ್ತರಕ್ಕೆ ಹೋದದ್ದು ಅವರಿಂದ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಊರ ಅರ್ಥಧಾರಿಯ ಜಾಗ ಸರಿದುಹೋಯಿತು. ವಾಲಿ, ರಾಮ, ಕರ್ಣ, ಕೃಷ್ಣ ಎಲ್ಲ ಅತಿಥಿಗಳಿಗೆ. ಊರವರಿಗೆ ಉಳಿದದ್ದು ಆರಂಭದ ಅರ್ಧ ಗಂಟೆ. ಹತ್ತು ವರ್ಷ ವಾರವಾರ ಕರ್ಣ ಹೇಳಿದವರು ಈಗ ಅತಿಥಿಯನ್ನು ಬಸ್ ಸ್ಟ್ಯಾಂಡಿನಿಂದ ಕರೆತರುವುದು, ಕುರ್ಚಿ ಲೆಕ್ಕ ಮಾಡುವುದು, ಊಟಕ್ಕೆ ಎಷ್ಟು ಎಲೆ ಎಂದು ನೋಡುವುದು. ಸಂಚಾಲಕರು ಎಂಬ ಹೆಸರಿನಲ್ಲಿ ಒಬ್ಬ ಒಳ್ಳೆಯ ಅರ್ಥಧಾರಿಯ ಮಾತು ಎಷ್ಟು ವರ್ಷ ಮೂಕವಾಗಿ ಉಳಿಯುತ್ತದೆ ಎಂದು ನೆನೆದರೆ ಸಂಕಟವಾಗುತ್ತದೆ. ಅರುವತ್ತು ದಾಟಿದ ಮೇಲೆ ಶಾಲು, ಹಾರ, ಹಣ್ಣಿನ ಬುಟ್ಟಿ. ಸನ್ಮಾನ ಮಾಡಬಾರದೆಂದು ನನ್ನ ಮಾತಲ್ಲ. ಸನ್ಮಾನವಾದ ಮರುವಾರ ಅವರಿಗೆ ಪಾತ್ರ ಹಂಚುವುದನ್ನೇ ಬಿಟ್ಟುಬಿಡುತ್ತೇವಲ್ಲ, ತಕರಾರು ಅದಕ್ಕೆ. ಹೀಗೆ ಎರಡು ಮೂರು ವರ್ಷ ಕಳೆದರೆ ಅರ್ಥಧಾರಿಗೆ ತನ್ನ ನಾಲಗೆಯ ಮೇಲೆಯೇ ನಂಬಿಕೆ ಹೋಗುತ್ತದೆ, ಆಮೇಲೆ ಕರೆದರೂ "ಬೇಡ, ಈಗಿನವರು ಹೇಳಲಿ" ಎನ್ನುತ್ತಾರೆ. ಅದನ್ನು ನಾವು ಔದಾರ್ಯ ಎಂದುಕೊಳ್ಳುತ್ತೇವೆ.

ಇನ್ನೊಂದು ಬದಲಾವಣೆ ಹೊಸಬರ ಕಡೆಯಿಂದ. ಕಳೆದ ಕೆಲವು ವರ್ಷಗಳಲ್ಲಿ ತರಬೇತಿ ತರಗತಿಗಳು ಹೆಚ್ಚಿವೆ, ಮಕ್ಕಳು, ಹೆಣ್ಣುಮಕ್ಕಳು, ಉದ್ಯೋಗಸ್ಥರು ಬರುತ್ತಿದ್ದಾರೆ. ಮಹಿಳೆಯರ ತಾಳಮದ್ದಲೆ ತಂಡಗಳು ಊರೂರಿನಲ್ಲಿ ಹುಟ್ಟಿವೆ. ಇದು ಕಣ್ಣು ತುಂಬಿ ನೋಡಬೇಕಾದ ಬೆಳವಣಿಗೆ. ಆದರೆ ಮೊದಲಿನ ಹಾಗೆ ವರ್ಷಕ್ಕೊಬ್ಬರು ಬರುವುದಲ್ಲ, ಒಟ್ಟಿಗೆ ಹತ್ತು ಹದಿನೈದು ಜನ ಬರುತ್ತಾರೆ, ತಿದ್ದುವ ಹಿರಿಯರು ಇಬ್ಬರೋ ಮೂವರೋ. ಇದು ನಮ್ಮ ಊರಿನ ಕಾಯಿಲೆ ಮಾತ್ರವಲ್ಲ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ 1980ರಲ್ಲಿ ಶುರುವಾದ ಯೂಸ್‌ನೆಟ್ ಎಂಬ ಚರ್ಚಾಜಾಲದಲ್ಲಿ ಪ್ರತಿ ಸೆಪ್ಟೆಂಬರಿಗೆ ಹೊಸ ವಿದ್ಯಾರ್ಥಿಗಳು ಬಂದು ಗದ್ದಲ ಮಾಡುತ್ತಿದ್ದರು, ಕೆಲವೇ ವಾರಗಳಲ್ಲಿ ಹಳಬರಿಂದ ರೀತಿನೀತಿ ಕಲಿತು ಅವರಲ್ಲೇ ಒಬ್ಬರಾಗುತ್ತಿದ್ದರು. 1993ರ ನಂತರ ಮನೆಮನೆಗೆ ಸಂಪರ್ಕ ಕೊಡುವ ಕಂಪೆನಿಗಳ ಚಂದಾದಾರರು ವರ್ಷವಿಡೀ ಬರತೊಡಗಿದರು. ಆ ಸೆಪ್ಟೆಂಬರ್ ಮುಗಿಯಲೇ ಇಲ್ಲ ಎಂದು ಹಳಬರು ಹೇಳಿದ್ದು ಅಲ್ಲಿ ಮಾತಾಗಿ ಉಳಿದಿದೆ. ಹೊಸಬರು ಕೆಟ್ಟವರಾದ್ದರಿಂದ ಅಲ್ಲ, ಬಂದವರನ್ನು ತಮ್ಮವರನ್ನಾಗಿ ಮಾಡಿಕೊಳ್ಳಲು ಸಮಯ ಸಿಗದ್ದರಿಂದ ಅಲ್ಲಿ ಸೋತದ್ದು. ನಮ್ಮ ಚಾವಡಿಯಲ್ಲೂ ಆದದ್ದು ಅದೇ.

ಅದರ ಜೊತೆ ಯೂಟ್ಯೂಬ್ ಸೇರಿತು. ಈಗಿನ ಹುಡುಗ ರಾಮನ ಅರ್ಥವನ್ನು ದೊಡ್ಡವರ ಕೂಟದ ರೆಕಾರ್ಡಿಂಗಿನಿಂದ ಬರೆದುಕೊಂಡು, ಬಾಯಿಪಾಠ ಮಾಡಿ ಬರುತ್ತಾನೆ. ಭಾಷೆ ಸ್ವಚ್ಛ, ಸ್ವರ ಚಂದ. ಆದರೆ ಎದುರಿನ ವಾಲಿ "ಎರಡರಲ್ಲಿ ಒಂದು ಹೇಳು" ಎಂದು ಕೇಳಿದಾಗ ಅವನು ಎರಡನ್ನೂ ಒಂದರ ಹಿಂದೆ ಒಂದು ಹೇಳಿ ಮುಗಿಸುತ್ತಾನೆ, ಯಾಕೆಂದರೆ ರೆಕಾರ್ಡಿಂಗಿನಲ್ಲಿದ್ದ ವಾಲಿ ಆ ಪ್ರಶ್ನೆ ಕೇಳಿರಲಿಲ್ಲ. ವಾಲಿ ಇನ್ನೊಮ್ಮೆ ಕೇಳುತ್ತಾನೆ. ಹುಡುಗ ಭಾಗವತರ ಮುಖ ನೋಡುತ್ತಾನೆ, ಭಾಗವತರು ಮುಂದಿನ ಪದ ಎತ್ತುತ್ತಾರೆ. ಹಿಂದೆ ಇಂಥ ರಾತ್ರಿ ಕೂಟ ಮುಗಿದ ಮೇಲೆ ಅವಲಕ್ಕಿ, ಚಹಾದ ಹೊತ್ತಿನಲ್ಲಿ ಹಿರಿಯರು ಅವನನ್ನು ಹತ್ತಿರ ಕೂರಿಸಿ ಆ ಗಂಟು ಬಿಡಿಸಿ ಹೇಳುತ್ತಿದ್ದರು. ಈಗ ಸಮಯ ಮಿತಿಯ ಕೂಟ, ಮುಗಿದ ಕೂಡಲೇ ಫೋಟೋ, ವಾಟ್ಸ್ಯಾಪ್ ಗುಂಪಿನಲ್ಲಿ ಎಲ್ಲರಿಗೂ ಅಭಿನಂದನೆ. "ಮಗೂ, ಅಲ್ಲಿ ನೀನು ತಪ್ಪಿದೆ" ಎನ್ನಲು ಜಾಗವೇ ಇಲ್ಲ. ಒಂದೆರಡು ಸಲ ಹೇಳಲು ಹೋದ ಹಿರಿಯರಿಗೆ ಹುಳುಕು ಹುಡುಕುವವರು ಎಂಬ ಹೆಸರು ಬಂದರೆ ಮೂರನೆಯ ಸಲ ಅವರು ಬಾಯಿ ಬಿಡುವುದಿಲ್ಲ, ನಾಲ್ಕನೆಯ ಸಲ ಬರುವುದೂ ಇಲ್ಲ.

2020ರ ಲಾಕ್‌ಡೌನಿನಲ್ಲಿ ಮೊಬೈಲಿನ ಮುಂದೆ ಕೂತು ಆನ್‌ಲೈನ್ ಕೂಟ ಮಾಡಿದ್ದು ಆ ಹೊತ್ತಿಗೆ ಒದಗಿತು. ಬೆಂಗಳೂರಿನವರು, ಕೊಲ್ಲಿಯಲ್ಲಿದ್ದವರು ಸೇರಿದರು. ಆದರೆ ಮಾತು ತಲುಪುವಾಗ ಒಂದು ಕ್ಷಣ ತಡವಾದರೆ ಸಂವಾದದ ಪೆಟ್ಟು ಹೋಯಿತು. ವಾರದ ಅಭ್ಯಾಸ ತಪ್ಪಿದ ಕೆಲವರು ಮತ್ತೆ ಚಾಪೆಗೆ ಮರಳಲಿಲ್ಲ.

ಸಂಘಗಳು ಮುಚ್ಚಿಡುವ ಇನ್ನೊಂದು ಕಾರಣವನ್ನೂ ಹೇಳಬೇಕು. ಪ್ರತಿ ಸಂಘದಲ್ಲೂ ಒಬ್ಬರು ಇರುತ್ತಾರೆ, ಎದುರಿನವರ ಮಾತನ್ನು ಅರ್ಧಕ್ಕೆ ತುಂಡರಿಸುವವರು, ಪಾತ್ರ ಬಿಟ್ಟು ವೈಯಕ್ತಿಕವಾಗಿ ಕುಟುಕುವವರು, ತಮ್ಮ ಪೀಠಿಕೆಯನ್ನೇ ಮುಕ್ಕಾಲು ಗಂಟೆ ಎಳೆಯುವವರು. ಚಂದಾ ಹೆಚ್ಚು ಕೊಡುತ್ತಾರೆಂದೋ, ಯಾಕೆ ಗಲಾಟೆ ಎಂದೋ ಯಾರೂ ತಡೆಯುವುದಿಲ್ಲ. ಮರ್ಯಾದಸ್ಥ ಹಿರಿಯರು ಅವರೊಡನೆ ಜಗಳಕ್ಕೆ ನಿಲ್ಲುವುದಿಲ್ಲ, ಮೆಲ್ಲಗೆ ಜಾಗ ಖಾಲಿ ಮಾಡುತ್ತಾರೆ. ಒಬ್ಬರು ಹೋದರೆ ಉಳಿದ ಒಳ್ಳೆಯವರಿಗೆ ಎದುರಾಳಿ ಕಡಿಮೆಯಾಗಿ ಅವರಿಗೂ ಬೇಸರ ಶುರುವಾಗುತ್ತದೆ. ತಡೆಯದೆ ಬಿಟ್ಟ ಒಬ್ಬರಿಂದ ಹೀಗೆ ನಾಲ್ಕು ಜನ ಹೋಗುತ್ತಾರೆ, ಸಂಘದ ದಾಖಲೆಯಲ್ಲಿ ನಾಲ್ವರದ್ದೂ ಅನಾರೋಗ್ಯ ಎಂದಿರುತ್ತದೆ.

ಕನ್ನಡ ಮಾಧ್ಯಮಕ್ಕೆ ಮಕ್ಕಳನ್ನು ಕಳಿಸುವ ಮನೆಗಳು ಕಡಿಮೆಯಾಗುತ್ತಿರುವುದು ಈ ಎಲ್ಲದರ ಕೆಳಗಿರುವ ಬಂಡೆ. ಅದನ್ನು ಒಂದು ಸಂಘ ಅಲುಗಾಡಿಸಲಾರದು. ಆದರೆ ಇರುವ ಹಿರಿಯರನ್ನು ಉಳಿಸಿಕೊಳ್ಳುವುದು ಸಂಘದ ಕೈಯಲ್ಲಿದೆ. ದಾರಿ ಹಿಡಿದ ಕೆಲವು ಕಡೆ ನಾನು ಕಂಡದ್ದು ದೊಡ್ಡ ಯೋಜನೆಯೇನಲ್ಲ. ತಿಂಗಳಲ್ಲಿ ಒಂದು ಕೂಟಕ್ಕೆ ಅತಿಥಿಯೂ ಇಲ್ಲ, ಬ್ಯಾನರೂ ಇಲ್ಲ. ಮುಖ್ಯ ಎರಡು ಪಾತ್ರ ಇಬ್ಬರು ಹಿರಿಯರಿಗೆ, ಎದುರುಬದುರು. ಹೊಸಬರಿಗೆ ಅವರ ನಡುವಿನ ಸಣ್ಣ ಪಾತ್ರ. ಪ್ರಸಂಗ ಒಂದು ತಿಂಗಳ ಮೊದಲೇ ನಿಶ್ಚಯ, ಅದೂ ಆಗಾಗ ಯಾರೂ ಮುಟ್ಟದ ಪ್ರಸಂಗ, ಹಿರಿಯರೂ ಓದಿ ಬರಬೇಕಾದಂಥದ್ದು. ಕೂಟದ ನಂತರ ಅರ್ಧ ಗಂಟೆ ಬಾಗಿಲು ಹಾಕಿ ಮಾತು, ಅಲ್ಲಿ ಹಿರಿಯರ ಅರ್ಥವನ್ನೂ ಪ್ರಶ್ನಿಸಬಹುದು.

ಕಷ್ಟ ಇರುವುದು ಒಬ್ಬರೇ ಹಿರಿಯರು ಉಳಿದ ಊರುಗಳಲ್ಲಿ. ಅವರ ಎದುರು ಕೂರಿಸಲು ಯಾರೂ ಇಲ್ಲ. ಅಂಥ ಎರಡು ಮೂರು ಊರಿನವರು ಸಂಘದ ಹೆಸರು, ಅಧ್ಯಕ್ಷಸ್ಥಾನದ ಲೆಕ್ಕ ಬದಿಗಿಟ್ಟು ಸರದಿಯ ಮೇಲೆ ಒಟ್ಟಿಗೆ ಕೂಟ ಮಾಡಬೇಕು. ಈ ಮಳೆಗಾಲಕ್ಕೇ ಶುರುಮಾಡಬಹುದು. ಬೇಕಾದದ್ದು ಒಂದು ಜೀಪು, ಪೆರ್ಲದಿಂದ ಒಬ್ಬರು, ನೀರ್ಚಾಲಿನಿಂದ ಒಬ್ಬರು, ಮುಳ್ಳೇರಿಯದಿಂದ ಒಬ್ಬ ಭಾಗವತರು.