ಟ್ರ್ಯಾಶ್ ಟಾಕ್ ಅಂದರೆ ಬೈಗುಳ ಅಲ್ಲ

ಕಲಬುರಗಿಯ ಒಂದು ಬಡಾವಣೆಯ ಟೆನಿಸ್ ಬಾಲ್ ಟೂರ್ನಿ. ಔಟ್ ಕೊಟ್ಟ ಅಂಪೈರನ ಮನೆಮಂದಿಯನ್ನೆಲ್ಲ ಎಳೆದು ತಂದು ಒಬ್ಬ ಹುಡುಗ ಬಾಯಿಗೆ ಬಂದಂತೆ ಬೈಯುತ್ತಾನೆ. ವಿಡಿಯೊ ವಾಟ್ಸ್‌ಆ್ಯಪಿಗೆ ಬರುತ್ತದೆ, ಮೇಲೆ 'ಟ್ರ್ಯಾಶ್ ಟಾಕ್ ಕಿಂಗ್' ಎಂಬ ಹಣೆಪಟ್ಟಿ. ಇದೇನಪ್ಪಾ ಅಂತ ಕೇಳಿದರೆ, 'ಕಾಕಾ, ಅದು ಬೈಗುಳ ಅಲ್ರಿ, ಟ್ರ್ಯಾಶ್ ಟಾಕ್ ಅದ. ಬಾಕ್ಸಿಂಗ್‌ದಾಗ ಎಲ್ಲಾರೂ ಮಾಡ್ತಾರ' ಎಂಬ ಸಮಜಾಯಿಷಿ. ಚುನಾವಣೆ ಹೊತ್ತಿನಲ್ಲಿ ಪುಢಾರಿಯೊಬ್ಬ ಇನ್ನೊಬ್ಬನ ಜಾತಿ ಎತ್ತಿ ಆಡಿದಾಗಲೂ ಇದೇ ಹೆಸರು ಬಿತ್ತು. ಬೈಗುಳಕ್ಕೆ ಇಂಗ್ಲಿಷ್ ಅಂಗಿ ತೊಡಿಸಿದರೆ ಅದು ಕ್ರೀಡೆಯಾಗಿಬಿಡುತ್ತದೆ ಎಂಬ ನಂಬಿಕೆ ಎಲ್ಲಿಂದ ಬಂತೋ.

ಬಾಕ್ಸಿಂಗ್‌ನ ಹೆಸರು ಎತ್ತಿದ್ದರಿಂದ ಬಾಕ್ಸಿಂಗ್‌ನ ಲೆಕ್ಕದಲ್ಲೇ ನೋಡೋಣ.

ಎಡವಟ್ಟು ಶುರುವಾಗುವುದು 'ಟ್ರ್ಯಾಶ್' ಎಂಬಲ್ಲಿ. ಟ್ರ್ಯಾಶ್ ಎಂದರೆ ಕಸ, ಕಸ ಎಂದರೆ ಹೊಲಸು, ಅಲ್ಲಿಗೆ ಹೊಲಸು ಮಾತಾಡಿದವನೆಲ್ಲ ಟ್ರ್ಯಾಶ್ ಟಾಕರ್. 'ಕಸದ ಮಾತು' ಎಂಬ ಅನುವಾದವನ್ನೂ ಓದಿದ್ದೇನೆ. ಅಮೆರಿಕದ ಕಪ್ಪು ಜನರ ಆಡುಮಾತಿನಲ್ಲಿ ಬೆಳೆದ ಈ ನುಡಿಯಲ್ಲಿ ಕಸ ಅಂದರೆ ನಾರುವ ಕಸ ಅಲ್ಲ, ತೂಕವಿಲ್ಲದ್ದು ಎಂದಷ್ಟೇ. ಒಣ ಬಡಾಯಿ, ಕೆಣಕು ಮಾತು, ಬಣ್ಣ ಹಚ್ಚಿ ಆಡುವ ಪೊಳ್ಳು. ಅವರಲ್ಲಿ 'ಡಜನ್ಸ್' ಎಂಬ ಓಣಿಯಾಟ ಇದೆ. ಇಬ್ಬರು ಎದುರುಬದುರು ನಿಂತು ಸರದಿಯ ಮೇಲೆ ಒಬ್ಬರನ್ನೊಬ್ಬರು ಚುಚ್ಚುತ್ತಾರೆ, ಸುತ್ತ ನಿಂತವರು ನಕ್ಕು ತೀರ್ಪು ಕೊಡುತ್ತಾರೆ. ಮೊದಲು ಸಿಟ್ಟಿಗೆದ್ದವನು ಸೋತ ಹಾಗೆ. ನಮ್ಮ ಟೂರ್ನಿಯ ಹುಡುಗ ಅಲ್ಲಿ ಬಾಯಿ ತೆರೆದ ಕ್ಷಣವೇ ಔಟಾಗುತ್ತಿದ್ದ.

ಬಾಕ್ಸರ್ ಮುಹಮ್ಮದ್ ಅಲಿ ಇನ್ನೂ ಕ್ಯಾಷಿಯಸ್ ಕ್ಲೇ ಎಂಬ ಹಳೆಯ ಹೆಸರಿನಲ್ಲಿದ್ದಾಗ ಈ ಪದ ಕ್ರೀಡಾ ಪುಟಗಳಿಗೆ ಬಂದಿರಲಿಲ್ಲ. ಆತನನ್ನು 'ಲೂಯಿವಿಲ್ ಲಿಪ್' ಎನ್ನುತ್ತಿದ್ದರು, ಲೂಯಿವಿಲ್ ಊರಿನ ತುಟಿ. ಆ ತುಟಿಗೆ ವರಸೆ ಕಲಿಸಿದವನು ಬಾಕ್ಸರ್ ಅಲ್ಲ. 1961ರಲ್ಲಿ ಲಾಸ್ ವೇಗಸ್‌ನಲ್ಲಿ ಕ್ಲೇಗೆ ಗಾರ್ಜಿಯಸ್ ಜಾರ್ಜ್ ಎಂಬ ಕುಸ್ತಿಪಟುವಿನ ಪರಿಚಯವಾಯಿತು. ಗುಂಗುರು ಮಾಡಿಸಿದ ಹೊಂಬಣ್ಣದ ಕೂದಲು, ನಿಲುವಂಗಿ, ಅಖಾಡಕ್ಕೆ ಇಳಿಯುವ ಮೊದಲು ಸುಗಂಧ ಸಿಂಪಡಿಸಲು ಒಬ್ಬ ಆಳು. ತನಗಿಂತ ಚೆಲುವ ಇಲ್ಲ, ತನ್ನನ್ನು ಕೆಡವುವವ ಹುಟ್ಟಿಲ್ಲ ಎಂದು ಜಾರ್ಜ್ ಕೊಚ್ಚುತ್ತಿದ್ದ, ಈ ಸೊಕ್ಕಿನವನ ಸೊಂಟ ಮುರಿಯುವುದನ್ನು ನೋಡಬೇಕೆಂದೇ ಜನ ಟಿಕೆಟ್ ಕೊಳ್ಳುತ್ತಿದ್ದರು. ಮೆಚ್ಚಿ ಬಂದವನೂ ದುಡ್ಡು ಕೊಡುತ್ತಾನೆ, ಮುನಿದು ಬಂದವನೂ ದುಡ್ಡು ಕೊಡುತ್ತಾನೆ. ಕ್ಲೇ ಇದನ್ನು ನೋಡಿ ಕಲಿತ.

ಆದರೆ ತಾನೇ ಒಂದು ಹೊಸದನ್ನು ಸೇರಿಸಿದ. ನನ್ನ ಪ್ರಕಾರ ಇಡೀ ಪದದ ಅರ್ಥ ಅಲ್ಲೇ ಇದೆ. ಎದುರಾಳಿ ಯಾವ ಸುತ್ತಿನಲ್ಲಿ ಬೀಳುತ್ತಾನೆ ಎಂದು ಮೊದಲೇ, ಅದೂ ಪ್ರಾಸ ಹಾಕಿ, ಸಾರತೊಡಗಿದ. ಆರ್ಚಿ ಮೂರ್ ನಾಲ್ಕರಲ್ಲಿ ಬೀಳುತ್ತಾನೆ ಅಂದ, 1962ರ ನವೆಂಬರ್‌ನಲ್ಲಿ ಮೂರ್ ನಾಲ್ಕರಲ್ಲೇ ಬಿದ್ದ. ಹೆನ್ರಿ ಕೂಪರ್‌ಗೆ ಐದು ಅಂದ. 1963ರ ಜೂನ್‌ನಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ನಾಲ್ಕನೇ ಸುತ್ತಿನ ಕೊನೆಗೆ ಕೂಪರನ ಎಡಗೈ ಗುದ್ದಿಗೆ ತಾನೇ ನೆಲ ಕಂಡ, ಎದ್ದು ಐದರಲ್ಲಿ ಮುಗಿಸಿದ. ಅದೇ ವರ್ಷ ಡಗ್ ಜೋನ್ಸ್ ಎಂಬವನ ವಿಷಯದಲ್ಲಿ ಹೇಳಿದ್ದು ಸುಳ್ಳಾಯಿತು. ಪಂದ್ಯ ಹತ್ತೂ ಸುತ್ತು ನಡೆದು ಅಂಕದ ಮೇಲೆ ಕಷ್ಟಪಟ್ಟು ಗೆದ್ದ, ಜನ ಹೋ ಎಂದು ಕೂಗಿದರು. ಕೂಗುವ ಹಕ್ಕು ಅವರಿಗಿತ್ತು, ಯಾಕೆಂದರೆ ಆತ ತನ್ನ ಮಾತಿಗೆ ತಾನೇ ಗಡುವು ಹಾಕಿಕೊಂಡಿದ್ದ.

ನಮ್ಮ ಸಹಕಾರಿ ಬ್ಯಾಂಕುಗಳಲ್ಲಿ 'ಮುದ್ದತ್ತು ಠೇವಣಿ' ಎಂಬ ಬೋರ್ಡು ಇರುತ್ತದಲ್ಲ, ಟ್ರ್ಯಾಶ್ ಟಾಕ್ ಆ ಜಾತಿಯ ಮಾತು. ಇಂಥ ದಿನ, ಇಂಥ ಊರು, ಇಂಥ ರಿಂಗು, ಎದುರಿಗೆ ಇಂಥವನು ಎಂದು ಗೊತ್ತಾಗಿರುತ್ತದೆ. ಆಡಿದ್ದನ್ನು ಅಂದು ಎಲ್ಲರೆದುರು ಮೈಮೇಲೆ ತೀರಿಸಬೇಕು. ಮುದ್ದತ್ತು ಇಲ್ಲದೆ, ತಿರುಗಿ ಹೊಡೆಯಲು ಹಕ್ಕಿಲ್ಲದ ಅಂಪೈರನ ಮೇಲೆ ಕೂಗಿದ್ದಕ್ಕೆ ಕನ್ನಡದಲ್ಲಿ ಚೆಂದದ ಹೆಸರು ಆಗಲೇ ಇದೆ. ಕ್ರಿಕೆಟ್ಟಿನ ಸ್ಲೆಡ್ಜಿಂಗ್ ಕೂಡ ಬೇರೆ. ಅದು ಆಟ ನಡೆಯುವಾಗ ಬ್ಯಾಟುಗಾರನ ಕಿವಿಗೆ ಮಾತ್ರ, ಅದರಿಂದ ಒಂದು ಟಿಕೆಟ್ಟೂ ಹೆಚ್ಚಿಗೆ ಹೋಗುವುದಿಲ್ಲ.

ಟಿಕೆಟ್ ಮಾತು ಬಂದಿದ್ದರಿಂದ ಹೇಳಿಬಿಡುತ್ತೇನೆ. ಒಲಿಂಪಿಕ್ಸ್ ಬಾಕ್ಸರ್ ಇಷ್ಟೆಲ್ಲ ಬಾಯಿ ಮಾಡುವುದಿಲ್ಲ, ಮಾಡಿ ಅವನಿಗೆ ಆಗಬೇಕಾದ್ದೂ ಇಲ್ಲ. ಅವನ ಎದುರಾಳಿಯನ್ನು ಡ್ರಾ ಚೀಟಿ ಗೊತ್ತು ಮಾಡುತ್ತದೆ, ಖರ್ಚನ್ನು ಫೆಡರೇಶನ್ ನೋಡಿಕೊಳ್ಳುತ್ತದೆ. ವೃತ್ತಿಪರ ಬಾಕ್ಸರ್‌ಗೆ ಪಂದ್ಯ ಸಿಗಬೇಕಾದರೆ ಅದು ಮಾರಾಟವಾಗುತ್ತದೆ ಎಂದು ಪ್ರಮೋಟರನಿಗೆ ಅನ್ನಿಸಬೇಕು. ಗಲ್ಲಾಪೆಟ್ಟಿಗೆಯ ಜೊತೆಗೆ ದುಡ್ಡು ಕೊಟ್ಟು ಟಿವಿಯಲ್ಲಿ ನೋಡುವ 'ಪೇ ಪರ್ ವ್ಯೂ' ಬಂದ ಮೇಲಂತೂ ಬಾಯಿಯ ಬೆಲೆಯೇ ಬೇರೆ. ಫ್ಲಾಯ್ಡ್ ಮೇವೆದರ್ 'ಪ್ರೆಟಿ ಬಾಯ್' ಎಂಬ ಅಡ್ಡಹೆಸರು ಬಿಟ್ಟು 'ಮನಿ' ಎಂದು ಕರೆಸಿಕೊಂಡು, ನೋಟಿನ ಕಟ್ಟು ಎಣಿಸುತ್ತ ಕ್ಯಾಮೆರಾ ಮುಂದೆ ಮೆರೆದ. 2007ರಲ್ಲಿ ಆಸ್ಕರ್ ಡೆ ಲಾ ಹೋಯಾ ಜೊತೆಗಿನ ಪಂದ್ಯವನ್ನು 24 ಲಕ್ಷ ಮನೆಗಳು ಕೊಂಡವು. 2017ರಲ್ಲಿ ಕಾನರ್ ಮೆಕ್‌ಗ್ರೆಗರ್ ಜೊತೆ ನಾಲ್ಕು ಊರು ತಿರುಗಿ ವೇದಿಕೆ ಮೇಲೆ ಕೂಗಾಡಿದ್ದಕ್ಕೆ 43 ಲಕ್ಷ. ಆದರೆ ಎಲ್ಲಕ್ಕಿಂತ ಹೆಚ್ಚು ಮಾರಾಟವಾದದ್ದು 2015ರ ಪಂದ್ಯ, 46 ಲಕ್ಷ. ಎದುರಿಗಿದ್ದವನು ಮೆತ್ತಗೆ ನಗುವ ಮ್ಯಾನಿ ಪಾಕಿಯಾವೊ, ಇಬ್ಬರೂ ಹೆಚ್ಚುಕಡಿಮೆ ಸಭ್ಯವಾಗಿಯೇ ಇದ್ದರು. ಬಾಯಿ ಇಲ್ಲದಿದ್ದರೆ ಬಾಕ್ಸಿಂಗೇ ಇಲ್ಲ ಎನ್ನುವವರು ಈ ಸಂಖ್ಯೆಯನ್ನು ಜಾಣತನದಿಂದ ಮರೆಯುತ್ತಾರೆ.

ಇನ್ನು ಕನ್ನಡದಲ್ಲಿ ಇದಕ್ಕೆ ಪದವೇ ಇಲ್ಲ ಎಂಬ ದೂರು. ಇದನ್ನು ಕೇಳಿದಾಗ ನನಗೆ ನಿಜಕ್ಕೂ ರೇಗುತ್ತದೆ. 'ಹೈಕಮಾಂಡ್‌ಗೆ ಸೆಡ್ಡು ಹೊಡೆದ ಶಾಸಕ' ಎಂದು ದಿನಾ ಓದುತ್ತೇವೆ. ಸೆಡ್ಡು ಎಂದರೇನು? ಅದೊಂದು ಸಪ್ಪಳ. ಪೈಲ್ವಾನ ಒಂದು ತೋಳು ಮಡಚಿ ಇನ್ನೊಂದು ಅಂಗೈಯಿಂದ ರಟ್ಟೆಗೆ ಹೊಡೆದಾಗ, ಇಲ್ಲವೇ ತೊಡೆ ತಟ್ಟಿದಾಗ ಬರುವ ಪಟ್ ಎನ್ನುವ ಸದ್ದು. ಮರಾಠಿಯಲ್ಲಿ ಇದನ್ನೇ 'ಶಡ್ಡು ಠೋಕಣೆ' ಎನ್ನುತ್ತಾರೆ, ಆಳಂದ, ಬಸವಕಲ್ಯಾಣ, ಔರಾದ್ ಕಡೆಯ ಗಡಿ ಊರುಗಳಲ್ಲಿ ಎರಡೂ ರೂಪ ಕಿವಿಗೆ ಬೀಳುತ್ತವೆ. ಇದನ್ನು ಸೆಡವಿನ ಜೊತೆ ಕಲಸುವವರೂ ಇದ್ದಾರೆ. ಸೆಡವು ಮುಖ ಬಿಗಿದುಕೊಳ್ಳುವ ಮುನಿಸು, ಅದಕ್ಕೆ ಸದ್ದೇ ಇಲ್ಲ.

ಜಾತ್ರೆಯ ಕುಸ್ತಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೆಂಗಿನಕಾಯಿ ಬಹುಮಾನದ ಹುಡುಗರ ಜೋಡಿಗಳು ಮುಗಿದು, ಬೆಳ್ಳಿ ಕಡಗದ ಕುಸ್ತಿ ಬರುವಷ್ಟರಲ್ಲಿ ಹೊತ್ತು ಇಳಿದಿರುತ್ತದೆ. ಪೈಲ್ವಾನ ಬಗ್ಗಿ ಕೆಮ್ಮಣ್ಣು ಎತ್ತಿ ಅಂಗೈಗೆ ತಿಕ್ಕಿ, ಎದೆಗೊಂದಿಷ್ಟು ಬಳಿದುಕೊಂಡು, ಹಲಗೆಯ ಬಡಿತಕ್ಕೆ ಸರಿಯಾಗಿ ಕಣ ಸುತ್ತುತ್ತಾನೆ. ಸುತ್ತುತ್ತ ಸೆಡ್ಡು ಹೊಡೆಯುತ್ತಾನೆ. ಒಂದು ಮಾತೂ ಆಡುವುದಿಲ್ಲ, ಆದರೂ ಸುತ್ತಲಿನ ಸಾವಿರ ಜನಕ್ಕೆ ಅರ್ಥವಾಗುತ್ತದೆ. ಯಾರಾದರೂ ಎದ್ದು ಅಂಗಿ ಬಿಚ್ಚಿದರೆ, ಹಿರಿಯರು ತೂಕ ನೋಡಿ ಹೂಂ ಅಂದರೆ, ಸೆಡ್ಡು ಹೊಡೆದವನು ಕೈ ಹಿಡಿಯಲೇಬೇಕು. ಇವತ್ತು ಮೈಗೆ ಹುಷಾರಿಲ್ಲ ಎನ್ನುವಂತಿಲ್ಲ. ಹೈಕಮಾಂಡಿಗೆ 'ಸೆಡ್ಡು ಹೊಡೆದು' ಸಂಜೆಗೆ 'ನನ್ನ ಮಾತನ್ನು ತಿರುಚಲಾಗಿದೆ' ಎನ್ನುವ ಶಾಸಕನಿಗೆ ಈ ಪದ ದಕ್ಕುವುದಿಲ್ಲ.

ಮಾತಿನ ಸೆಡ್ಡಿಗೂ ಹೆಸರಿದೆ: ಮೂದಲೆ. ಕಾಳಗಕ್ಕೆ ಮೊದಲು ವೀರರು ಮೂದಲಿಸದ ಹಳಗನ್ನಡ ಯುದ್ಧವೇ ಅಪರೂಪ. ಕೊಳದಲ್ಲಿ ಅಡಗಿದ್ದ ದುರ್ಯೋಧನನನ್ನು ಭೀಮ ಹೊರಗೆಳೆದದ್ದು ಕೈಯಿಂದಲ್ಲ, ಬಾಯಿಂದ, ಕೇಳಿಸಿಕೊಂಡವನು ನೀರೊಳಗಿದ್ದೂ ಬೆವತ. 1964ರ ಪಂದ್ಯಕ್ಕೆ ಮೊದಲು ಕ್ಲೇ ಮಾಡಿದ್ದೂ ಅದನ್ನೇ. ಚಾಂಪಿಯನ್ ಸನ್ನಿ ಲಿಸ್ಟನ್‌ನನ್ನು ಕುರೂಪಿ ಕರಡಿ ಎಂದು ಹಾಡಿ, ಡೆನ್ವರ್‌ನಲ್ಲಿದ್ದ ಅವನ ಮನೆ ಮುಂದೆ ರಾತ್ರಿ ಬಸ್ ತಂದು ನಿಲ್ಲಿಸಿ ಕೂಗಿದ. ಮಯಾಮಿ ಬೀಚ್‌ನಲ್ಲಿ ತೂಕ ನೋಡುವ ಹೊತ್ತಿಗೆ ಎಷ್ಟು ರಂಪ ಎಬ್ಬಿಸಿದನೆಂದರೆ ನಾಡಿ 120ಕ್ಕೆ ಏರಿತ್ತು, 2,500 ಡಾಲರ್ ದಂಡ ಬಿತ್ತು. ಹೆದರಿ ಹುಚ್ಚು ಹಿಡಿದಿದೆ ಎಂದುಕೊಂಡರು. ಸ್ವಲ್ಪ ಹೊತ್ತಿಗೆ ನಾಡಿ ತನ್ನಷ್ಟಕ್ಕೆ ಇಳಿದಿತ್ತು. ಫೆಬ್ರವರಿ 25ರ ರಾತ್ರಿ ಏಳನೇ ಸುತ್ತಿಗೆ ಲಿಸ್ಟನ್ ಸ್ಟೂಲಿನಿಂದ ಏಳಲೇ ಇಲ್ಲ.

ತನ್ನನ್ನು ಹೊಗಳಿಕೊಳ್ಳುವುದು ಬೇರೆ ಕಸಬು. ಅದಕ್ಕೆ ಬಡಾಯಿ ಎಂಬ ಪದ ಸಾಕು, ನಮ್ಮ ಕಡೆ ಶೇಖಿ ಅಂತಲೂ ಹೇಳುತ್ತೇವೆ. ಬಸವಕಲ್ಯಾಣದ ಈ ಸೀಮೆಯಲ್ಲಿ ಶಾಲೆಯ ಗೋಡೆಗಳ ಮೇಲಿರುವ ಏಳು 'ಬೇಡ'ಗಳಲ್ಲಿ ತನ್ನನ್ನು ಬಣ್ಣಿಸಿಕೊಳ್ಳುವುದು ಒಂದು, ಎದುರಿನವರನ್ನು ಹಳಿಯುವುದು ಇನ್ನೊಂದು. ಎಣಿಸುವಾಗಲೇ ಬೇರೆ ಬೇರೆ ಎಣಿಸಿದ್ದಾರೆ, ನಾವು ಕಲಸುವುದು ಯಾಕೆ? ಶೆಫೀಲ್ಡ್‌ನ ನಸೀಮ್ ಹಮೀದ್ ಹಗ್ಗದ ಮೇಲಿಂದ ಲಾಗ ಹಾಕಿ ರಿಂಗಿಗೆ ಇಳಿಯುತ್ತಿದ್ದ. ಅದು ಬಡಾಯಿ, ಯಾರನ್ನೂ ಮೂದಲಿಸಿದ್ದಲ್ಲ. ಟೈಸನ್ ಫ್ಯೂರಿ 2015ರಲ್ಲಿ ವ್ಲಾಡಿಮಿರ್ ಕ್ಲಿಚ್ಕೊ ಜೊತೆಗಿನ ಪತ್ರಿಕಾಗೋಷ್ಠಿಗೆ ಬ್ಯಾಟ್‌ಮ್ಯಾನ್ ವೇಷದಲ್ಲಿ ಓಡಿ ಬಂದದ್ದನ್ನು ಎರಡರಲ್ಲಿ ಎಲ್ಲಿಡಬೇಕೋ ನನಗೂ ಬಗೆಹರಿದಿಲ್ಲ, ಪಂದ್ಯವನ್ನಂತೂ ಅವನೇ ಗೆದ್ದ. ಡೇವಿಡ್ ಹೇ ಮಾತ್ರ ಶುದ್ಧ ಉತ್ತರಕುಮಾರ. ಕ್ಲಿಚ್ಕೊ ಸಹೋದರರ ಕಡಿದ ತಲೆಗಳನ್ನು ತಾನು ಹಿಡಿದಿರುವ ಚಿತ್ರದ ಟಿ-ಶರ್ಟ್ ತೊಟ್ಟು ಮೆರೆದವನು, 2011ರಲ್ಲಿ ಹ್ಯಾಂಬರ್ಗ್‌ನಲ್ಲಿ ಸೋತ ಮೇಲೆ ಮೇಜು ಹತ್ತಿ, ಷೂ ಕಳಚಿ, ಕಾಲಿನ ಕಿರುಬೆರಳು ಮುರಿದಿತ್ತು ನೋಡಿ ಎಂದು ತೋರಿಸಿದ. ಮುದ್ದತ್ತು ಮುಗಿದ ದಿನ ಬೆರಳು ತೋರಿಸಿದವನನ್ನು ಬಾಕ್ಸಿಂಗ್ ಜಗತ್ತು ಇನ್ನೂ ಆಡಿಕೊಳ್ಳುತ್ತದೆ, ಸರಿಯಾಗಿಯೇ.

ಹಾಗಾದರೆ ಬಾಕ್ಸಿಂಗ್‌ನಲ್ಲಿ ಬೈಗುಳವೇ ಇಲ್ಲವೇ? ಧಾರಾಳವಾಗಿ ಇದೆ, ಅದರ ಫಲವೂ ದಾಖಲಾಗಿದೆ. 1962ರ ಮಾರ್ಚ್ 24ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಬೆನ್ನಿ ಪಾರೆಟ್ ಮತ್ತು ಎಮಿಲ್ ಗ್ರಿಫಿತ್ ನಡುವೆ ಪಂದ್ಯ. ತೂಕ ನೋಡುವಾಗ ಪಾರೆಟ್, ಸಲಿಂಗಿಗಳನ್ನು ಹೀಗಳೆಯುವ ಒಂದು ಸ್ಪ್ಯಾನಿಷ್ ಪದವನ್ನು ಗ್ರಿಫಿತ್ ಮೇಲೆ ಎಸೆದ. 12ನೇ ಸುತ್ತಿನಲ್ಲಿ ಗ್ರಿಫಿತ್ ಅವನನ್ನು ಮೂಲೆಗೆ ಒತ್ತಿ ಗುದ್ದಿದ್ದನ್ನು ಟಿವಿಯಲ್ಲಿ ಅಮೆರಿಕವೇ ಕೂತು ನೋಡಿತು. ಪ್ರಜ್ಞೆ ತಪ್ಪಿದ ಪಾರೆಟ್ ಏಪ್ರಿಲ್ 3ರಂದು ತೀರಿಕೊಂಡ. ಸಾವಿಗೆ ಆ ಒಂದು ಪದವೇ ಕಾರಣ ಎನ್ನಲಾಗದು, ಪಂದ್ಯ ತಡವಾಗಿ ನಿಂತಿತೆಂಬ ವಾದವೂ ಇದೆ. ಆದರೆ ಅದು ಪಂದ್ಯದ ಮೇಲಿನ ಮಾತಾಗಿರಲಿಲ್ಲ. ನೀನು ಬೀಳುತ್ತೀ ಎನ್ನುವುದಕ್ಕೂ ನೀನು ಇಂಥ ಹುಟ್ಟಿನವನು ಎನ್ನುವುದಕ್ಕೂ ಇರುವ ಅಂತರವನ್ನು ಪುಢಾರಿಗಳಿಗೆ ಯಾರಾದರೂ ತಿಳಿಸಿ.

ಅಲಿಯೂ ಈ ಗೆರೆ ದಾಟಿದ. ಸೇನೆಗೆ ಸೇರಲು ಒಪ್ಪದ್ದಕ್ಕೆ ಅವನ ಮೇಲೆ ನಿಷೇಧವಿದ್ದ ದಿನಗಳಲ್ಲಿ ಇನ್ನೊಬ್ಬ ಬಾಕ್ಸರ್ ಜೋ ಫ್ರೇಜಿಯರ್ ದುಡ್ಡು ಕೊಟ್ಟು ನಿಂತಿದ್ದ, ಲೈಸೆನ್ಸ್ ವಾಪಸ್ ಕೊಡಿ ಎಂದು ಅವನ ಪರ ಮಾತಾಡಿದ್ದ. ಅಂಥವನನ್ನೇ 1971ರ ಪಂದ್ಯಕ್ಕೆ ಮೊದಲು ಬಿಳಿಯರ ಬಾಲಬಡುಕ ಎಂದ, 1975ರಲ್ಲಿ ಮನಿಲಾ ಪಂದ್ಯಕ್ಕೆ ಮೊದಲು ಗೊರಿಲ್ಲಾ ಎಂದ, ಜೇಬಿನಿಂದ ರಬ್ಬರ್ ಗೊರಿಲ್ಲಾ ತೆಗೆದು ಕ್ಯಾಮೆರಾ ಮುಂದೆ ಗುದ್ದಿದ. ಮನಿಲಾದಲ್ಲಿ 14 ಸುತ್ತು ಹೊಡೆದಾಡಿ ಇಬ್ಬರೂ ಅರೆಜೀವವಾದರು, ಲೆಕ್ಕ ಚುಕ್ತಾ ಆಗಬೇಕಿತ್ತು. ಆಗಲಿಲ್ಲ. 1996ರಲ್ಲಿ ಅಲಿ ನಡುಗುವ ಕೈಯಲ್ಲಿ ಅಟ್ಲಾಂಟಾ ಒಲಿಂಪಿಕ್ಸ್ ಜ್ಯೋತಿ ಹೊತ್ತಿಸಿದಾಗ ಲೋಕವೆಲ್ಲ ಕಣ್ಣೊರೆಸಿಕೊಂಡರೆ, ಅವನು ಆ ಬೆಂಕಿಗೇ ಬೀಳಬೇಕಿತ್ತು ಎಂಬರ್ಥದ ಮಾತಾಡಿದ ಫ್ರೇಜಿಯರ್. 2001ರಲ್ಲಿ ಅಲಿ ಪತ್ರಿಕೆಯೊಂದರ ಮೂಲಕ ಕ್ಷಮೆ ಕೇಳಿದ, ಪಂದ್ಯಕ್ಕೆ ಪ್ರಚಾರ ಕೊಡಲು ಆಡಿದ್ದು ಎಂದ. ಟ್ರ್ಯಾಶ್ ಟಾಕ್ ಎಂಬ ಹೆಸರು ಕೊಟ್ಟರೆ ಎಲ್ಲ ಮಾಫಿ ಎನ್ನುವ ಹುಡುಗರು ಅಲಿಯ ರೀಲ್ಸ್ ನೋಡುತ್ತಾರೆ, ಈ ಭಾಗ ಯಾವ ರೀಲ್ಸಿನಲ್ಲೂ ಇರುವುದಿಲ್ಲ.

ನಮ್ಮವರಲ್ಲಿ ವಿಜೇಂದರ್ ಸಿಂಗ್ 2015ರಲ್ಲಿ ವೃತ್ತಿಪರನಾದ. 2017ರ ಆಗಸ್ಟ್ 5ರಂದು ಮುಂಬೈಯಲ್ಲಿ ಚೀನಾದ ಜುಲ್ಪಿಕಾರ್ ಮೈಮೈತಿಅಲಿ ಜೊತೆ ಹತ್ತು ಸುತ್ತಿನ ಪಂದ್ಯ. ಗಡಿಯಲ್ಲಿ ಡೋಕ್ಲಾಮ್ ಬಿಕ್ಕಟ್ಟು ನಡೆದಿತ್ತು, ಮೂದಲಿಸಿದ್ದರೆ ದೇಶವೇ ಚಪ್ಪಾಳೆ ಹೊಡೆಯುತ್ತಿತ್ತು. ಅಂಕದ ಮೇಲೆ ಗೆದ್ದ ವಿಜೇಂದರ್, ಗಡಿಯಲ್ಲಿ ಶಾಂತಿ ಇರಲಿ, ಎದುರಾಳಿಯ ಬೆಲ್ಟನ್ನು ಅವನಿಗೇ ವಾಪಸ್ ಕೊಡುತ್ತೇನೆ ಎಂದ. ಇದೂ ಪ್ರಚಾರವೇ ಎಂದು ಗೊಣಗಿದವರಿದ್ದರು. ಇದ್ದರೂ ಇರಬಹುದು. ಆ ರಾತ್ರಿ ಯಾವ ಸುತ್ತಿನಲ್ಲಿ ಯಾವ ಗುದ್ದು ಬಿತ್ತು ಎಂದು ನನ್ನನ್ನು ಕೇಳಬೇಡಿ, ಬೆಲ್ಟಿನ ಮಾತು ಮಾತ್ರ ನೆನಪಿದೆ.