ಗೋವಾದ ಯುವ ಮನೋವೈದ್ಯರು ಫ್ರಾಯ್ಡ್‌ನನ್ನು ಮತ್ತೆ ಯಾಕೆ ಓದುತ್ತಿದ್ದಾರೆ?

ಪಣಜಿಯಲ್ಲಿ ಮನೋವೈದ್ಯರಾಗಲು ಓದುತ್ತಿರುವ ಕೆಲವರು ಸಂಜೆ ಡ್ಯೂಟಿ ಮುಗಿಸಿ ಒಂದು ಕಡೆ ಸೇರುತ್ತಾರೆ. ಅವರಲ್ಲಿ ಧಾರವಾಡ, ಬೆಳಗಾವಿ ಕಡೆಯ ಕನ್ನಡದವರೂ ಇದ್ದಾರೆ. ಒಬ್ಬರು ಮಾತಿನ ಚಿಕಿತ್ಸೆಗೆ ಹೆಸರಾದ ಫ್ರಾಯ್ಡ್ ಬರೆದ ನಾಲ್ಕೈದು ಪುಟ ಗಟ್ಟಿಯಾಗಿ ಓದುತ್ತಾರೆ, ಉಳಿದವರು ನಡುವೆ ತಡೆದು ಕೇಳುತ್ತಾರೆ. ಇದರಿಂದ ಪರೀಕ್ಷೆಯಲ್ಲಿ ಜಾಸ್ತಿ ಅಂಕವೇನೂ ಬರುವುದಿಲ್ಲ. ಅಲ್ಲಿ ಕೇಳುವುದು ಮಾತ್ರೆಯ ಡೋಸು, ಅಡ್ಡಪರಿಣಾಮ, ಕಾಯಿಲೆಯ ಲಕ್ಷಣ. ಹಾಗಾದರೆ ನೂರು ವರ್ಷ ಹಳೆಯ ಈ ಬರಹ ಯಾಕೆ ಬೇಕು? ಉತ್ತರ ಹುಡುಕಲು ಹಿಂದಕ್ಕೆ ಹೋದರೆ ಮೊದಲು ಸಿಗುವುದು ಗೋವಾವೇ.

ಪಣಜಿಯ ಹಳೇ ಸಚಿವಾಲಯದ ಪಕ್ಕ ಒಂದು ಕಂಚಿನ ಪ್ರತಿಮೆ ಇದೆ. ನಿಲುವಂಗಿ ತೊಟ್ಟ ಪಾದ್ರಿಯೊಬ್ಬ ಎರಡೂ ಕೈ ಚಾಚಿ ನಿಂತಿದ್ದಾನೆ, ಅವನೆದುರು ಒಬ್ಬ ಹೆಂಗಸು ಒರಗಿ ಬಿದ್ದಿದ್ದಾಳೆ. ನೋಡಿದ ಕೂಡಲೇ ಹೆದರಿಕೆಯಾಗುತ್ತದೆ. ಅವರು ಅಬ್ಬೆ ಫಾರಿಯಾ. 1756ರಲ್ಲಿ ಕಾಂಡೋಲಿಂನಲ್ಲಿ ಹುಟ್ಟಿ, 1819ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡರು. ಜನರನ್ನು ಮಂಪರಿಗೆ ಒಳಪಡಿಸಿ ವಾಸಿ ಮಾಡುವುದು ಆಗ ಯುರೋಪಿನಲ್ಲಿ ದೊಡ್ಡ ಸುದ್ದಿ. ಮಾಡುವವನ ಮೈಯಿಂದ ಅಯಸ್ಕಾಂತದಂಥ ಶಕ್ತಿ ಹರಿಯುತ್ತದೆ ಎಂದು ನಂಬಿದ್ದರು. ಫಾರಿಯಾ ಅದನ್ನು ಒಪ್ಪಲಿಲ್ಲ. ಶಕ್ತಿ ನನ್ನ ಕೈಯಲ್ಲಿಲ್ಲ, ಎದುರಿಗೆ ಕೂತವರ ಮನಸ್ಸಿನಲ್ಲೇ ಇದೆ ಎಂದರು.

ಈ ವಿಚಾರವನ್ನು ಮುಂದೆ ಫ್ರಾನ್ಸಿನ ನಾನ್ಸಿ ಊರಿನ ವೈದ್ಯರು ಬೆಳೆಸಿದರು. 1889ರಲ್ಲಿ ಅವರ ಕೆಲಸ ನೋಡಲು ವಿಯೆನ್ನಾದಿಂದ ಒಬ್ಬ ಯುವ ವೈದ್ಯ ಬಂದ. ಅವನೇ ಫ್ರಾಯ್ಡ್. ಆಮೇಲೆ ಆತ ಮಂಪರಿನ ಚಿಕಿತ್ಸೆ ಬಿಟ್ಟು, ರೋಗಿ ಮನಸ್ಸಿಗೆ ಬಂದದ್ದನ್ನೆಲ್ಲ ಹೇಳಲಿ, ನಾನು ಕೇಳುತ್ತೇನೆ ಎಂಬ ದಾರಿ ಹಿಡಿದ. ಮನೋವಿಶ್ಲೇಷಣೆ ಹುಟ್ಟಿದ್ದು ಹಾಗೆ. ಅದು ಬೆಳೆದದ್ದೂ ಒಂದು ಪುಟ್ಟ ಗುಂಪಿನಲ್ಲೇ. 1902ರಿಂದ ಬುಧವಾರ ರಾತ್ರಿ ಫ್ರಾಯ್ಡ್ ಮನೆಯಲ್ಲಿ ನಾಲ್ಕೈದು ವೈದ್ಯರು ಸೇರಿ ಮಾತಾಡುತ್ತಿದ್ದರು.

ಭಾರತಕ್ಕೆ ಅದು ಬೇಗ ಬಂತು. 1922ರಲ್ಲಿ ಕೋಲ್ಕತ್ತಾದಲ್ಲಿ ವೈದ್ಯ ಗಿರೀಂದ್ರಶೇಖರ ಬೋಸ್ ಮನೋವಿಶ್ಲೇಷಣಾ ಸಂಘ ಕಟ್ಟಿದರು. ಫ್ರಾಯ್ಡ್ ಜೊತೆ ವರ್ಷಗಟ್ಟಲೆ ಪತ್ರ ಬರೆದರೂ ಇಬ್ಬರೂ ಒಮ್ಮೆಯೂ ಭೇಟಿಯಾಗಲಿಲ್ಲ. 1931ರಲ್ಲಿ ಫ್ರಾಯ್ಡ್‌ಗೆ 75 ತುಂಬಿದಾಗ ಇಲ್ಲಿಂದ ದಂತದ ವಿಷ್ಣು ವಿಗ್ರಹ ಉಡುಗೊರೆಯಾಗಿ ಹೋಯಿತು. ನನಗೆ ಬೋಸ್ ಇಷ್ಟವಾಗುವುದು ಅವರ ಧೈರ್ಯಕ್ಕೆ. ಗಂಡಸಿನ ಅಂಗ ಕಳೆದುಕೊಳ್ಳುವ ಭಯ ಯುರೋಪಿಯನ್ ರೋಗಿಗಳಲ್ಲಿ ಕಂಡಷ್ಟು ನನ್ನ ಭಾರತೀಯ ರೋಗಿಗಳಲ್ಲಿ ಕಾಣುವುದಿಲ್ಲ, ಹೆಣ್ಣಾಗುವ ಬಯಕೆ ಇಲ್ಲಿನ ಗಂಡಸರಲ್ಲಿ ಸುಲಭವಾಗಿ ಹೊರಬರುತ್ತದೆ ಎಂದು ಅವರು 1929ರಲ್ಲಿ ಫ್ರಾಯ್ಡ್‌ಗೇ ತಿಳಿಸಿದರು. ಗಂಡು ಮಗು ತಾಯಿಯನ್ನು ಬಯಸುತ್ತದೆ, ತಂದೆಯನ್ನು ಎದುರಾಳಿಯೆಂದು ಕಾಣುತ್ತದೆ, ಅವನು ತನ್ನ ಅಂಗ ಕತ್ತರಿಸಿಯಾನು ಎಂದು ಹೆದರುತ್ತದೆ ಎಂದಿದ್ದ ಫ್ರಾಯ್ಡ್. ಗುರುವಿನ ಆ ಮುಖ್ಯ ಸಿದ್ಧಾಂತಕ್ಕೇ ಕೈಹಾಕಿದ ಮಾತು ಅದು.

ಕನ್ನಡದವರಿಗೆ ಈ ಜಗಳ ದೂರದ್ದಲ್ಲ. ಎ.ಕೆ. ರಾಮಾನುಜನ್ ಉತ್ತರ ಕರ್ನಾಟಕದಲ್ಲಿ ಒಂದು ಕಥೆ ಕೇಳಿ ಬರೆದುಕೊಂಡಿದ್ದರು. ಒಬ್ಬ ಹುಡುಗಿಗೆ ತನ್ನ ಮಗನನ್ನೇ ಮದುವೆಯಾಗಿ ಅವನಿಂದ ಮಗುವನ್ನು ಹೆರುವ ಹಣೆಬರಹ. ತಪ್ಪಿಸಿಕೊಳ್ಳಲು ಕಾಡು ಸೇರುತ್ತಾಳೆ. ಗಂಡಸಿನ ಮುಖ ನೋಡದಿದ್ದರೂ ಗಂಡು ಮಗು ಹುಟ್ಟುತ್ತದೆ. ಸೀರೆಯ ತುಂಡಿನಲ್ಲಿ ಸುತ್ತಿ ಅದನ್ನು ಬಿಡುತ್ತಾಳೆ. ಬೇರೆಯವರ ಮನೆಯಲ್ಲಿ ಬೆಳೆದ ಆ ಮಗನೇ ಅವಳನ್ನು ಮದುವೆಯಾಗುತ್ತಾನೆ, ಒಂದು ಮಗುವೂ ಆಗುತ್ತದೆ. ಒಂದು ದಿನ ಹಳೇ ಸೀರೆಯ ತುಂಡು ಕಣ್ಣಿಗೆ ಬೀಳುತ್ತದೆ. ಅವಳು ತೊಟ್ಟಿಲ ಮಗುವನ್ನು ಮಗನೇ, ಮೊಮ್ಮಗನೇ, ಗಂಡನ ತಮ್ಮನೇ ಎಂದು ಕರೆದು ಜೋಗುಳ ಹಾಡಿ, ನೇಣು ಹಾಕಿಕೊಳ್ಳುತ್ತಾಳೆ.

ಫ್ರಾಯ್ಡ್ ತನ್ನ ಸಿದ್ಧಾಂತಕ್ಕೆ ಹೆಸರು ತೆಗೆದುಕೊಂಡದ್ದು ಗ್ರೀಕರ ಈಡಿಪಸ್‌ನಿಂದ, ತಿಳಿಯದೆ ತಂದೆಯನ್ನು ಕೊಂದು ತಾಯಿಯನ್ನು ಮದುವೆಯಾದವನು ಅವನು. ಆ ಕಥೆಯಲ್ಲಿ ಮಾತು, ಹುಡುಕಾಟ, ನೋವು ಬಹುಪಾಲು ಮಗನದು. ನಮ್ಮ ಕಥೆ ಪೂರ್ತಿ ತಾಯಿಯದು. ತಂದೆ ಮಕ್ಕಳ ವಿಷಯಕ್ಕೆ ಬಂದರೆ ನಮ್ಮ ಪುರಾಣಗಳಲ್ಲಿ ಮಗ ತಂದೆಯನ್ನು ಕೊಲ್ಲುವುದಕ್ಕಿಂತ, ಪುರುವಿನ ಹಾಗೆ ತನ್ನ ಯೌವನವನ್ನೇ ಕೊಟ್ಟುಬಿಡುವುದು ಜಾಸ್ತಿ. ಗಂಡನ ಮನೆ ಬಿಟ್ಟು ಮಗನ ಜೊತೆ ವಾಸ್ಕೋಗೆ ದುಡಿಯಲು ಬಂದ ಗದಗಿನ ತಾಯಿಯನ್ನು ಎದುರಿಗೆ ಕೂರಿಸಿಕೊಂಡ ಕನ್ನಡದ ವೈದ್ಯೆಗೆ ಈ ವ್ಯತ್ಯಾಸ ತಿಳಿದಿರಬೇಕಲ್ವಾ? ಗೋವಾದಲ್ಲೇ ನೆಲೆಸಿ 2024ರಲ್ಲಿ ತೀರಿಕೊಂಡ ಮನೋವಿಶ್ಲೇಷಕ ಸುಧೀರ್ ಕಕ್ಕರ್ ಜೀವನವಿಡೀ ಕೇಳಿದ್ದು ಇದೇ ಪ್ರಶ್ನೆ: ಭಾರತದ ಮನೆಗಳಲ್ಲಿ ಬೆಳೆದ ಮನಸ್ಸಿಗೆ ಈ ಸಿದ್ಧಾಂತ ಎಷ್ಟು ಹೊಂದುತ್ತದೆ?

ಇಷ್ಟಿದ್ದೂ ಮನೋವಿಶ್ಲೇಷಣೆ ವೈದ್ಯಕೀಯದ ಪಾಠದಿಂದ ಹೊರಗೆ ಬಿತ್ತು. 1952ರಲ್ಲಿ ಪ್ಯಾರಿಸ್ಸಿನಲ್ಲಿ ಕ್ಲೋರ್‌ಪ್ರೊಮಜಿನ್ ಎಂಬ ಔಷಧಿಯನ್ನು ತೀವ್ರ ಮಾನಸಿಕ ಕಾಯಿಲೆಗೆ ಕೊಟ್ಟು ನೋಡಿದರು. ವರ್ಷಗಟ್ಟಲೆ ಮಾತಾಡಿಸಿದರೂ ಆಗದ್ದು ವಾರಗಳಲ್ಲಿ ಆಯಿತು. 1980ರಲ್ಲಿ ಅಮೆರಿಕದ ಕಾಯಿಲೆಪಟ್ಟಿ ಡಿಎಸ್‌ಎಂ ಮೂರನೇ ಆವೃತ್ತಿಯಲ್ಲಿ ಲಕ್ಷಣ ಎಣಿಸಿ ಹೆಸರಿಡುವ ಪದ್ಧತಿ ಬಂತು. ಒಳಗಿನ ಕಾರಣದ ಮಾತು ಬದಿಗೆ ಸರಿಯಿತು. ಅದೇ ಕಾಲಕ್ಕೆ ಅಲ್ಲಿ ಆಶೆರಾಫ್ ಎಂಬ ವೈದ್ಯರು ಕೋರ್ಟಿಗೆ ಹೋದರು. ಖಿನ್ನತೆಗೆಂದು ಆಸ್ಪತ್ರೆ ಸೇರಿದ್ದ ಅವರಿಗೆ ಸುಮಾರು ಏಳು ತಿಂಗಳು ಬರೀ ಮಾತಿನ ಚಿಕಿತ್ಸೆ ಕೊಟ್ಟಿದ್ದರು. ಇನ್ನೊಂದು ಆಸ್ಪತ್ರೆಯಲ್ಲಿ ಮಾತ್ರೆ ಕೊಟ್ಟ ಮೇಲೆ ಬೇಗ ಚೇತರಿಸಿಕೊಂಡರು.

ಈ ಸೋಲು ನ್ಯಾಯವಾದದ್ದೇ ಎಂದು ನನಗನ್ನಿಸುತ್ತದೆ. ಮಕ್ಕಳ ಸ್ಕಿಜೋಫ್ರೇನಿಯಾಗೆ, ಆಟಿಸಂಗೆ ತಾಯಿಯೇ ಕಾರಣ ಎಂದು ಒಂದು ತಲೆಮಾರಿನ ವಿಶ್ಲೇಷಕರು ಹೇಳಿಬಿಟ್ಟರು. ಎಷ್ಟು ಹೆಂಗಸರು ಆ ಮಾತು ಹೊತ್ತು ಬದುಕಿದರೋ! ಪುರಾವೆಯಿಲ್ಲದೆ ಹೊರಿಸಿದ ಆ ಅಪವಾದವನ್ನು ಮರೆತು ಫ್ರಾಯ್ಡ್ ಓದಬಾರದು.

ಹಾಗಾಗಿ ಪಣಜಿಯ ಗುಂಪು ಓದುವುದು ಭಕ್ತಿಯಿಂದಲ್ಲ. ಡೋರಾ ಎಂಬ ಹುಡುಗಿಯ ಕೇಸು ಓದಿದಾಗ ಎಲ್ಲರಿಗೂ ಸಿಟ್ಟು ಬಂತು. 1900ರಲ್ಲಿ 18 ವರ್ಷದ ಅವಳು ಫ್ರಾಯ್ಡ್ ಹತ್ತಿರ ಬಂದಳು. ಅಪ್ಪನ ಗೆಳೆಯ ತನ್ನ ಮೈಮೇಲೆ ಬಿದ್ದ ಎಂದು ಹೇಳಿದಳು. ಫ್ರಾಯ್ಡ್ ಅವಳ ಮಾತನ್ನು ಸುಳ್ಳೆನ್ನಲಿಲ್ಲ, ಆದರೆ ನಿನಗೂ ಒಳಗೊಳಗೇ ಅವನ ಮೇಲೆ ಆಸೆಯಿತ್ತು ಎಂದು ಅರ್ಥ ಹಚ್ಚಿದ. ಹನ್ನೊಂದು ವಾರಕ್ಕೆ ಅವಳು ಎದ್ದು ಹೋದಳು. ಹಾಗೆ ಹೋದದ್ದು ಸರಿಯೇ ಎಂದು ಗುಂಪಿನ ಹುಡುಗಿಯರು ಖಡಾಖಂಡಿತವಾಗಿ ಹೇಳಿದರು, ನನಗೂ ಹಾಗೇ ಅನ್ನಿಸುತ್ತದೆ. ಆದರೆ ಆ ಕೇಸಿನ ಕೊನೆಗೆ ಫ್ರಾಯ್ಡ್ ಸೇರಿಸಿದ ಕೆಲವು ಪುಟ ಬೇರೆಯೇ ಇವೆ. ರೋಗಿ ತನ್ನ ಹಳೇ ಸಂಬಂಧಗಳ ಪ್ರೀತಿ, ಸಿಟ್ಟು, ಸೇಡನ್ನು ವೈದ್ಯನ ಮೇಲೆ ಹೊರಿಸುತ್ತಾಳೆ, ನಾನು ಅದನ್ನು ಸಕಾಲಕ್ಕೆ ಗಮನಿಸಲಿಲ್ಲ ಎಂದು ಅಲ್ಲಿ ಬರೆದಿದ್ದಾನೆ. ಟ್ರಾನ್ಸ್‌ಫರೆನ್ಸ್ ಎಂದು ಓದುವವರು ದಿನಾ ಹೇಳುವುದು ಇದನ್ನೇ.

ತರಬೇತಿಯಲ್ಲಿರುವವರಿಗೆ ಇದು ಒಪಿಡಿಯಲ್ಲೇ ಎದುರಾಗುತ್ತದೆ. “ಯಪ್ಪಾ, ನೀ ನನ್ನ ಮಗ ಇದ್ದಂಗ” ಎಂದು ಒಬ್ಬ ಅಜ್ಜಿ ಯುವ ವೈದ್ಯನ ಕೈ ಹಿಡಿಯುತ್ತಾಳೆ. ಅವನು ಹೇಳಿದ ಮಾತ್ರೆ ಮಾತ್ರ ನುಂಗುತ್ತಾಳೆ. ಕೆಲವು ತಿಂಗಳಿಗೆ ಅವನ ಪೋಸ್ಟಿಂಗ್ ಬದಲಾಗುತ್ತದೆ. ಎಲ್ಲ ಕಡೆ ಇರುವ ಪದ್ಧತಿ ಅದು, ಕಲಿಯಲು ಬೇಕೇ ಬೇಕು. ಅಜ್ಜಿಗೆ ಮಾತ್ರ ದುಡಿಯಲು ಊರು ಬಿಟ್ಟು ಹೋದ ಮಕ್ಕಳ ಸಾಲಿಗೆ ಇನ್ನೊಬ್ಬ ಸೇರಿದ. ಅವಳು ಮಾತ್ರೆ ನಿಲ್ಲಿಸುತ್ತಾಳೆ, ಆಸ್ಪತ್ರೆಗೆ ಬರುವುದನ್ನೂ ಬಿಡುತ್ತಾಳೆ. ಫೈಲಿನಲ್ಲಿ “ಔಷಧಿ ಸರಿಯಾಗಿ ತೆಗೆದುಕೊಳ್ಳುತ್ತಿಲ್ಲ” ಎಂದಷ್ಟೇ ದಾಖಲಾಗುತ್ತದೆ.

ಈ ಓದಿನಿಂದ ಯಾರೂ ಮನೋವಿಶ್ಲೇಷಕರಾಗುವುದಿಲ್ಲ. ಅದಕ್ಕೆ ತಾನೇ ರೋಗಿಯಂತೆ ವರ್ಷಗಟ್ಟಲೆ ವಿಶ್ಲೇಷಣೆಗೆ ಒಳಗಾಗಬೇಕು, ಅದಕ್ಕೆ ಬೇಕಾದ ಸಮಯ, ದುಡ್ಡು ಎರಡೂ ಇವರ ಹತ್ತಿರ ಇಲ್ಲ. ಡೋರಾ ಓದಿದ ಮೇಲೆ ಅವರು ಮಾಡಿದ ಬದಲಾವಣೆ ಒಂದೇ. ತಾನು ಇಂಥ ತಿಂಗಳು ಬೇರೆ ಕಡೆ ಹೋಗುತ್ತೇನೆ ಎಂದು ಈಗ ರೋಗಿಗೆ ಮೊದಲೇ ಹೇಳುತ್ತಾರೆ. ಕೊನೆಯ ಭೇಟಿಯಲ್ಲಿ ಮುಂದಿನ ವೈದ್ಯರನ್ನು ಪಕ್ಕದಲ್ಲಿ ಕೂರಿಸಿ ಪರಿಚಯ ಮಾಡಿಸುತ್ತಾರೆ. ರೋಗಿಗೆ ಸಿಟ್ಟು ಬಂದರೆ ಬರಲಿ ಎಂದು ಕೂತು ಕೇಳುತ್ತಾರೆ.